ಕಣಜದ ಗೂಡಿನ ಮುಂದೆ ಕುಳಿತುಕೊಳ್ಳುವುದೂ ಒಂದು ಉದ್ಯೋಗವೇ?

ಪ್ರಶ್ನೆ: ನನ್ನ ಮಗಳು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ಸಂಘಜೀವಿ ಕೀಟಗಳ ಬಗ್ಗೆ ಸಂಶೋಧನೆ ನಡೆಸುವ ವಿಶ್ವವಿದ್ಯಾಲಯದ ಲ್ಯಾಬ್ ಒಂದರಲ್ಲಿ ಒಂದು ವರ್ಷದ ಮಟ್ಟಿಗೆ ಪ್ರಾಜೆಕ್ಟ್ ಅಸಿಸ್ಟೆಂಟ್ ಕೆಲಸ ಸಿಕ್ಕಿದೆ. ಕಣಜದ ಗೂಡಿನ ಮುಂದೆ ಕುಳಿತು ನೋಡಿ ಬರೆದುಕೊಳ್ಳುವುದೇ ಕೆಲಸವಂತೆ. ನಮ್ಮ ಕಡೆ ತೋಟದಲ್ಲಿ ಕಣಜದ ಗೂಡು ಕಂಡರೆ ಸೂಡಿ ಹಚ್ಚಿ ಸುಡುತ್ತಾರೆ. ಅದನ್ನು ನೋಡುವುದಕ್ಕೆ ಸರ್ಕಾರ ಸಂಬಳ ಕೊಡುತ್ತದೆ ಎಂದರೆ ಊರಿನವರು ನಗುತ್ತಾರೆ. ಅಲ್ಲಿ ಎಂಥ ಜನ ಇರುತ್ತಾರೆ? ನಿಜವಾಗಿ ಏನು ಮಾಡುತ್ತಾರೆ? ಕಚ್ಚುವುದಿಲ್ಲವೇ? ಮುಂದೆ ದಾರಿ ಏನು?
— ಸಾಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರರು

ಉತ್ತರ: ಊರಿನವರು ನಗುವುದರಲ್ಲಿ ತಪ್ಪೇನಿಲ್ಲ. ದೂರದಿಂದ ನೋಡಿದರೆ ಈ ಕೆಲಸ ನಗು ತರಿಸುವಂತೆಯೇ ಇದೆ. ಸ್ಟೂಲಿನ ಮೇಲೆ ಒಬ್ಬರು ಕುಳಿತಿರುತ್ತಾರೆ, ಎದುರಿಗೆ ಅಂಗೈಯಗಲದ ಬೂದುಬಣ್ಣದ ಗೂಡು, ಕೈಯಲ್ಲಿ ಪೆನ್ಸಿಲ್, ಪಕ್ಕದಲ್ಲಿ ಗಡಿಯಾರ. ಗಂಟೆಗಟ್ಟಲೆ ಹಾಗೆಯೇ. ಆದರೆ ಆ ಸ್ಟೂಲಿನ ಮೇಲೆ ಕುಳಿತವರಿಗೆ ಇರುವ ಕಟ್ಟುಪಾಡು ಬ್ಯಾಂಕಿನ ನಗದು ಕೌಂಟರಿನಲ್ಲಿ ಕುಳಿತವರಿಗೂ ಇರಲಿಕ್ಕಿಲ್ಲ. ನೀವು ಕೇಳಿದ ನಾಲ್ಕು ಪ್ರಶ್ನೆಗಳಲ್ಲಿ ಮೊದಲನೆಯದೇ, ಅಂದರೆ ಅಲ್ಲಿ ಎಂಥ ಜನ ಇರುತ್ತಾರೆ ಎಂಬುದೇ, ಎಲ್ಲಕ್ಕಿಂತ ತೂಕದ ಪ್ರಶ್ನೆ. ಇಂಥ ಲ್ಯಾಬುಗಳಲ್ಲಿ ಬೆಲೆಬಾಳುವ ಯಂತ್ರಗಳು ಕಡಿಮೆ. ಇರುವ ಮುಖ್ಯ ಉಪಕರಣವೆಂದರೆ ಪಳಗಿದ ಕಣ್ಣು. ಹಾಗಾಗಿ ಆ ಕಣ್ಣನ್ನು ಪಳಗಿಸುವವರು ಯಾರು, ಪಳಗಿದ ಮೇಲೆ ಅದಕ್ಕೆ ಎಷ್ಟು ಬೆಲೆ ಕೊಡುತ್ತಾರೆ ಎಂಬುದರ ಮೇಲೆ ನಿಮ್ಮ ಮಗಳ ಒಂದು ವರ್ಷ ನಿಂತಿದೆ.

ಅವಳು ಸೇರುವ ಲ್ಯಾಬ್ ಯಾವುದೆಂದು ನೀವು ಬರೆದಿಲ್ಲ. ನನಗೆ ಚೆನ್ನಾಗಿ ತಿಳಿದಿರುವ ಉದಾಹರಣೆಯನ್ನೇ ಹಿಡಿದು ಹೇಳುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಜಾಗಕ್ಕೆ, 1958ರಲ್ಲೇ ವಿಶ್ವವಿದ್ಯಾಲಯದ ಸ್ಥಾನಮಾನ ಸಿಕ್ಕಿದೆ. ಅಲ್ಲಿ ರಾಘವೇಂದ್ರ ಗದಗ್‌ಕರ್ ಅವರು ಮಾಲಿಕ್ಯುಲರ್ ಬಯಾಲಜಿಯಲ್ಲಿ, ಅಂದರೆ ಜೀವಕೋಶದೊಳಗಿನ ಅಣುಗಳ ಶಾಸ್ತ್ರದಲ್ಲಿ, ಪಿಎಚ್.ಡಿ. ಮಾಡಿದರು. ಆಮೇಲೆ ಆ ದಾರಿ ಬಿಟ್ಟು ಕಣಜದ ಹಿಂದೆ ಬಿದ್ದರು, ದಶಕಗಳ ಕಾಲ ಒಂದೇ ಜಾತಿಯ ಕಣಜವನ್ನು ಮುಖ್ಯವಾಗಿಟ್ಟುಕೊಂಡು ವಿದ್ಯಾರ್ಥಿಗಳ ಸಾಲನ್ನೇ ಬೆಳೆಸಿದರು. ಆ ಕಣಜದ ಹೆಸರು ರೋಪಾಲಿಡಿಯಾ ಮಾರ್ಜಿನೇಟಾ. ಕೆಂಪು ಮಿಶ್ರಿತ ಕಂದು ಮೈ, ಹೊಟ್ಟೆಯ ಸುತ್ತ ಒಂದು ಹಳದಿ ಪಟ್ಟಿ. ಮರದ ನಾರನ್ನು ಅಗಿದು, ಜೊಲ್ಲಿನಲ್ಲಿ ಕಲಸಿ, ಕಾಗದದಂಥ ಗೂಡು ಕಟ್ಟುತ್ತದೆ. ಗೂಡಿಗೆ ಹೊರಕವಚವಿಲ್ಲ, ಎಲ್ಲ ಕೋಣೆಗಳೂ ತೆರೆದೇ ಇರುತ್ತವೆ. ಸಜ್ಜೆಯ ಕೆಳಗೆ, ಕಿಟಕಿಯ ಚೌಕಟ್ಟಿನಲ್ಲಿ ನೇತಾಡುವ ಇದನ್ನು ನೀವೂ ನೋಡಿರುತ್ತೀರಿ. ಸಂಶೋಧಕರಿಗೆ ಇದಕ್ಕಿಂತ ಅನುಕೂಲದ ಕೀಟ ಸಿಗುವುದು ಕಷ್ಟ. ಜೇನುಪೆಟ್ಟಿಗೆಯ ಮುಚ್ಚಳ ತೆಗೆದು ಇಣುಕಬೇಕು, ಹುತ್ತವನ್ನು ಒಡೆಯಬೇಕು. ಈ ಕಣಜದ ಮನೆಯಲ್ಲಾದರೆ ಗೋಡೆಯೇ ಇಲ್ಲ.

ಈಗ ಸ್ಟೂಲಿನ ಮೇಲಿನ ಕೆಲಸಕ್ಕೆ ಬರೋಣ. ಮೊದಲು ಬಣ್ಣ. ಗೂಡಿನಲ್ಲಿರುವ ಪ್ರತಿಯೊಂದು ಕಣಜವೂ ಇನ್ನೊಂದರಂತೆಯೇ ಕಾಣುತ್ತದೆ. ಆದ್ದರಿಂದ ಪ್ರತಿಯೊಂದರ ಬೆನ್ನ ಮೇಲೆ ಸೂಜಿಮೊನೆಯಷ್ಟು ಬಣ್ಣದ ಚುಕ್ಕೆಗಳನ್ನು ಇಡಬೇಕು. ಆಟಿಕೆ ವಿಮಾನಗಳಿಗೆ ಬಳಿಯುವ, ಬೇಗ ಒಣಗುವ ಎನಾಮೆಲ್ ಬಣ್ಣ ಇದಕ್ಕೆ ಆಗುತ್ತದೆ. ಬೆನ್ನಿನ ಎಡಕ್ಕೆ ಕೆಂಪು, ಬಲಕ್ಕೆ ಬಿಳಿ ಇದ್ದರೆ ಒಂದು ಹೆಸರು. ಎರಡೂ ಕಡೆ ನೀಲಿ ಇದ್ದರೆ ಇನ್ನೊಂದು. ಚುಕ್ಕೆ ರೆಕ್ಕೆಯ ಬುಡಕ್ಕೆ ತಾಗಿದರೆ ಅದಕ್ಕೆ ಹಾರಲಾಗದು, ಕಣ್ಣಿಗೆ ತಾಗಿದರೆ ಕುರುಡು. ಗೂಡಿನ ಕೋಣೆಯ ಮುಚ್ಚಳ ಕಚ್ಚಿ ಹೊಸದಾಗಿ ಹೊರಬರುವ ಕಣಜಕ್ಕೆ ಅಂದೇ ಬಣ್ಣ ಹಚ್ಚಿದರೆ ಅದರ ಹುಟ್ಟಿದ ದಿನ ದಾಖಲಾದಂತೆ. ಮುಂದೆ ವಯಸ್ಸಿನ ಲೆಕ್ಕವೆಲ್ಲ ಇದರ ಮೇಲೆಯೇ ನಡೆಯುವುದರಿಂದ ಒಂದು ದಿನವೂ ಗೂಡು ನೋಡುವುದನ್ನು ತಪ್ಪಿಸುವಂತಿಲ್ಲ. ಭಾನುವಾರ, ದೀಪಾವಳಿ ಎಂದು ಕಣಜ ಹುಟ್ಟುವುದನ್ನು ಮುಂದಕ್ಕೆ ಹಾಕುವುದಿಲ್ಲವಲ್ಲ.

ಆಮೇಲೆ ನೋಡುವುದು. ಐದು ನಿಮಿಷದ ಒಂದು ಪಾಳಿ, ಒಂದು ನಿಮಿಷ ಬಿಡುವು, ಮತ್ತೆ ಐದು ನಿಮಿಷ. ಕೆಲವು ಪಾಳಿಗಳಲ್ಲಿ ಫೋಟೊ ತೆಗೆದಂತೆ ಒಂದೇ ಕ್ಷಣಕ್ಕೆ ಪ್ರತಿ ಕಣಜ ಏನು ಮಾಡುತ್ತಿದೆ ಎಂದು ಬರೆದುಕೊಳ್ಳಬೇಕು. ಇನ್ನು ಕೆಲವು ಪಾಳಿಗಳಲ್ಲಿ ಆ ಐದು ನಿಮಿಷ ಪೂರ್ತಿ, ಗೊತ್ತುಮಾಡಿದ ಕೆಲವು ನಡವಳಿಕೆಗಳು ಎಷ್ಟು ಸಲ ನಡೆದವು, ಯಾರು ಯಾರಿಗೆ ಮಾಡಿದರು ಎಂದು ಒಂದನ್ನೂ ಬಿಡದೆ ದಾಖಲಿಸಬೇಕು. ಯಾವ ಪಾಳಿ ಯಾವಾಗ ಎಂಬುದನ್ನು ನೋಡುವವರು ತಮ್ಮ ಮನಸ್ಸಿಗೆ ಬಂದಂತೆ ಆರಿಸುವ ಹಾಗಿಲ್ಲ, ಮೊದಲೇ ಚೀಟಿ ಎತ್ತಿದಂತೆ ನಿಗದಿಯಾಗಿರುತ್ತದೆ. ಗೂಡಿನಲ್ಲಿ ಗದ್ದಲವಾದಾಗ ನೋಡಿ, ತಣ್ಣಗಿದ್ದಾಗ ಚಹಾಕ್ಕೆ ಹೋದರೆ ಕಣಜಗಳು ಸದಾ ಜಗಳಗಂಟಿಗಳು ಎಂಬ ತೀರ್ಮಾನಕ್ಕೆ ಬಂದುಬಿಡುತ್ತೇವೆ.

ಹಾಗೆ ಬರೆದುಕೊಂಡ ಪಟ್ಟಿಯನ್ನು ಓದಿದರೆ ಹೊರಗಿನವರಿಗೆ ಆಕಳಿಕೆ ಬರುತ್ತದೆ. ಕಣಜದ ಸಮಯವೆಲ್ಲ ಬಹುಮಟ್ಟಿಗೆ ಆರು ಕೆಲಸಗಳಲ್ಲೇ ಕಳೆದುಹೋಗುತ್ತದೆ: ಕುಳಿತು ಮೈ ಸವರಿಕೊಳ್ಳುವುದು, ಕುಡಿಮೀಸೆ ಎತ್ತಿ ಕುಳಿತಿರುವುದು, ರೆಕ್ಕೆ ಎತ್ತಿ ಕುಳಿತಿರುವುದು, ನಡೆಯುವುದು, ಕೋಣೆಯೊಳಗೆ ತಲೆ ತೂರಿಸಿರುವುದು, ಗೂಡಿನಲ್ಲೇ ಇಲ್ಲದಿರುವುದು. ಇಷ್ಟೇ. ಆದರೆ ಪ್ರತಿ ಕಣಜವೂ ಈ ಆರರ ನಡುವೆ ತನ್ನ ಸಮಯವನ್ನು ಹೇಗೆ ಹಂಚಿಕೊಳ್ಳುತ್ತದೆ ಎಂದು ಗದಗ್‌ಕರ್ ಮತ್ತು ಗಣಿತದಲ್ಲಿ ನುರಿತ ಎನ್. ವಿ. ಜೋಶಿ ಲೆಕ್ಕ ಹಾಕಿ 1983ರಲ್ಲಿ ಪ್ರಕಟಿಸಿದಾಗ ಗೂಡಿನ ಹೆಣ್ಣುಗಳು ಮೂರು ಗುಂಪುಗಳಾಗಿ ಬೇರ್ಪಟ್ಟವು: ಕೂರುವವರು, ಕಾದಾಡುವವರು, ಆಹಾರ ತರುವವರು. ಮೈಯ ಗಾತ್ರದಲ್ಲಿ, ಆಕಾರದಲ್ಲಿ ಅವುಗಳ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸವೇ ಇಲ್ಲ. ವ್ಯತ್ಯಾಸ ಇರುವುದು ಸಮಯ ಕಳೆಯುವ ರೀತಿಯಲ್ಲಿ. ಎಲ್ಲರೂ ನಿರೀಕ್ಷಿಸುವುದು ರಾಣಿ ಕಾದಾಡುವವರ ಗುಂಪಿನಲ್ಲಿರುತ್ತಾಳೆ ಎಂದು. ಈ ಜಾತಿಯಲ್ಲಿ ಅವಳು ಕೂರುವವರ ಗುಂಪಿನಲ್ಲಿದ್ದಳು. ಇದೇ ಕುಲದ ರೋಪಾಲಿಡಿಯಾ ಸಯಾಥಿಫಾರ್ಮಿಸ್ ಎಂಬ ಇನ್ನೊಂದು ಜಾತಿಯ ರಾಣಿ ನಿಜಕ್ಕೂ ಜಗಳಗಂಟಿ. ಎರಡೂ ನಮ್ಮ ನಾಡಿನ ಕಣಜಗಳೇ. ಸುಮ್ಮನೆ ನೋಡಿದ್ದರೆ ಯಾರಿಗೂ ಈ ವಿಷಯ ಹೊಳೆಯುತ್ತಿರಲಿಲ್ಲ, ಪಟ್ಟಿ ಬರೆದದ್ದರಿಂದ ಹೊಳೆಯಿತು.

ಕಾದಾಟ ಎಂದರೆ ಏನೆಂದು ನಿಮ್ಮ ಮಗಳು ಮೊದಲ ತಿಂಗಳಲ್ಲೇ ಕಲಿಯುತ್ತಾಳೆ. ಅಟ್ಟಿಸಿಕೊಂಡು ಹೋಗುವುದು, ಬಾಯಿಂದ ಕುಟುಕುವುದು, ಮೆಲ್ಲಗೆ ಕಡಿಯುವುದು, ಹಾರಿಬಂದು ಇನ್ನೊಂದರ ಮೈಮೇಲೆ ದೊಪ್ಪನೆ ಬೀಳುವುದು, ಇನ್ನೊಂದರ ಕಾಲನ್ನೋ ರೆಕ್ಕೆಯನ್ನೋ ಬಾಯಲ್ಲಿ ಹಿಡಿದುಕೊಂಡಿರುವುದು, ಮೇಲೇರಿ ಕುಳಿತುಬಿಡುವುದು. ಇವಕ್ಕೆಲ್ಲ ಬೇರೆ ಬೇರೆ ಸಂಕೇತಗಳಿರುತ್ತವೆ. ಕುಟುಕುವುದಕ್ಕೂ ಕಡಿಯುವುದಕ್ಕೂ ಇರುವ ವ್ಯತ್ಯಾಸ ಅರೆಕ್ಷಣದ್ದು. ಹೊಸಬರು ಬರೆದದ್ದನ್ನು ನೇರವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಳಬರೊಬ್ಬರು, ಹೊಸಬರೊಬ್ಬರು ಒಂದೇ ಗೂಡನ್ನು ಒಂದೇ ಹೊತ್ತಿನಲ್ಲಿ, ಪರಸ್ಪರ ಮಾತಾಡದೆ ದಾಖಲಿಸುತ್ತಾರೆ. ಇಬ್ಬರ ಹಾಳೆಗಳು ಹೊಂದುವವರೆಗೂ ಅಭ್ಯಾಸವೇ ಕೆಲಸ. ಈ ಹಂತದಲ್ಲಿ ಕೆಲವರು ಬಿಟ್ಟು ಹೋಗುತ್ತಾರೆ. ಬುದ್ಧಿವಂತರೇ ಹೆಚ್ಚಾಗಿ ಬಿಟ್ಟು ಹೋಗುತ್ತಾರೆ ಎಂದರೂ ನಡೆಯುತ್ತದೆ. ಬೇಗ ಅರ್ಥಮಾಡಿಕೊಳ್ಳುವವರಿಗೆ ಬೇಗ ಬೇಸರವೂ ಆಗುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ಸಿಗುವುದೇನು ಎಂದು ನೀವು ಕೇಳಬಹುದು. ಒಂದು ಪ್ರಯೋಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈ ಕಣಜದ ಗೂಡಿನಿಂದ ರಾಣಿಯನ್ನು ತೆಗೆದರೆ, ಸ್ವಲ್ಪ ಹೊತ್ತಿನಲ್ಲೇ ಒಂದು ಕೆಲಸಗಾತಿ ಏಕಾಏಕಿ ಸಿಡಿದೇಳುತ್ತಾಳೆ. ಅಲ್ಲಿಯವರೆಗೆ ಯಾರ ಗಮನಕ್ಕೂ ಬಾರದೆ ಇದ್ದವಳು ಎಲ್ಲರನ್ನೂ ಅಟ್ಟುತ್ತಾಳೆ, ಕುಟುಕುತ್ತಾಳೆ. ಅವಳೇ ಭಾವಿ ರಾಣಿ. ರಾಣಿಯನ್ನು ಮರಳಿಸದೇ ಇದ್ದರೆ ದಿನ ಕಳೆದಂತೆ ಅವಳ ಆರ್ಭಟ ಇಳಿಯುತ್ತದೆ, ಸುಮಾರು ಒಂದು ವಾರದಲ್ಲಿ ಮೊಟ್ಟೆ ಇಡತೊಡಗುತ್ತಾಳೆ, ಆಮೇಲೆ ಹಳೆಯ ರಾಣಿಯಂತೆಯೇ ತಣ್ಣಗಾಗುತ್ತಾಳೆ. ಯಾವ ಕಣಜ ಹೀಗೆ ಎದ್ದೇಳುತ್ತದೆ ಎಂದು ರಾಣಿ ಇರುವಾಗಲೇ ಹೇಳಲು ಸಂಶೋಧಕರು ಬಹಳ ಪ್ರಯತ್ನಪಟ್ಟರು. ಮೈಗಾತ್ರ, ಜಗಳದ ಲೆಕ್ಕ, ಅಂಡಾಶಯದ ಬೆಳವಣಿಗೆ, ಯಾವುದೂ ಕೈಹಿಡಿಯಲಿಲ್ಲ. ಹಾಗಾದರೆ ನಮಗೆ ಗೊತ್ತಾಗದ್ದು ಕಣಜಗಳಿಗಾದರೂ ಗೊತ್ತಿರುತ್ತದೆಯೇ?

ಇದನ್ನು ಕೇಳುವುದಕ್ಕೆ ಬೇಕಾದದ್ದು ಒಂದು ಬ್ಲೇಡು, ಒಂದು ತುಂಡು ತಂತಿಬಲೆ. ಗೂಡನ್ನು ಎರಡು ಹೋಳು ಮಾಡಿ ಪಂಜರದಲ್ಲಿ ನಡುವೆ ಬಲೆ ಹಾಕಿದರು, ಕಣಜಗಳನ್ನು ಚೀಟಿ ಎತ್ತಿದಂತೆ ಎರಡೂ ಕಡೆ ಹಂಚಿದರು. ರಾಣಿ ಒಂದು ಕಡೆ ಉಳಿದಳು. ರಾಣಿಯಿಲ್ಲದ ಕಡೆ ಒಬ್ಬ ಭಾವಿ ರಾಣಿ ಎದ್ದಳು. ಮರುದಿನ ರಾಣಿಯನ್ನು ಎತ್ತಿ ಆ ಕಡೆಗೆ, ಎದ್ದವಳನ್ನು ಈ ಕಡೆಗೆ ಹಾಕಿದರು. ಈಗ ಲೆಕ್ಕ ನೋಡಿ. ಇಡೀ ಗೂಡಿಗೆ ನಿಜವಾದ ಉತ್ತರಾಧಿಕಾರಿ ಒಬ್ಬಳೇ ಇದ್ದು, ಅವಳು ಮೊದಲೇ ಎದ್ದವಳಾಗಿದ್ದರೆ, ಈಗ ರಾಣಿ ಇಲ್ಲದ ಇನ್ನೊಂದು ಕಡೆಯವರೂ ಅವಳನ್ನೇ ಒಪ್ಪಿಕೊಳ್ಳಬೇಕು. ಕೆಲವು ಗೂಡುಗಳಲ್ಲಿ ಹಾಗೆಯೇ ಆಯಿತು. ಉಳಿದವುಗಳಲ್ಲಿ ಈ ಕಡೆ ಬೇರೊಬ್ಬಳು ಎದ್ದಳು, ಮತ್ತೆ ಕಡೆ ಬದಲಾಯಿಸಿದಾಗ ಎರಡೂ ಕಡೆಯವರು ಒಪ್ಪಿಕೊಂಡದ್ದು ಇವಳನ್ನು. ಮೊದಲು ಎದ್ದಿದ್ದವಳು ತೆಪ್ಪಗೆ ಹಿಂದೆ ಸರಿದಳು. ಒಪ್ಪಿತವಾದವಳ ಮೇಲೆ ಯಾರೂ ಒಮ್ಮೆಯೂ ಕೈ ಮಾಡಲಿಲ್ಲ. ಅಂದರೆ ಪಟ್ಟ ಯಾರಿಗೆ ಎಂದು ಗೂಡಿಗೆ ಮೊದಲೇ ಗೊತ್ತಿತ್ತು. 2008ರಲ್ಲಿ ಅನಿಂದಿತಾ ಭದ್ರಾ ಮತ್ತು ಗದಗ್‌ಕರ್ ಇದನ್ನು ಪ್ರಕಟಿಸಿದರು. 2012ರ ಹೊತ್ತಿಗೆ ಅದೇ ಲ್ಯಾಬಿನಿಂದ ಇನ್ನೊಂದು ವಿಷಯ ಹೊರಬಂತು: ಉತ್ತರಾಧಿಕಾರಿ ಒಬ್ಬಳೇ ಅಲ್ಲ, ಅವಳ ಹಿಂದೆ ಜಗಳವಿಲ್ಲದ ಒಂದು ಸರದಿ ಸಾಲೇ ಇದೆ. ರಾಣಿ ಹೊಡೆದು ಬಡಿದು ಆಳುವುದಿಲ್ಲ, ಹೊಟ್ಟೆಯ ತುದಿಯ ಗ್ರಂಥಿಯೊಂದರ ವಾಸನೆಯಿಂದ ತಾನು ಇದ್ದೇನೆ ಎಂದು ಸಾರುತ್ತಾಳೆ ಎಂಬುದಕ್ಕೂ ಅಲ್ಲಿಯ ಪ್ರಯೋಗಗಳಿಂದ ಬಲವಾದ ಆಧಾರ ಸಿಕ್ಕಿತು.

ಈ ಪ್ರಯೋಗದಲ್ಲಿ ಎಷ್ಟು ಜನರ ಕೈ ಇದೆ ಎಂದು ಎಣಿಸಿ. ಗೂಡು ಹುಡುಕಿದವರು. ಅದನ್ನು ಕತ್ತಲಾದ ಮೇಲೆ, ಎಲ್ಲ ಕಣಜಗಳೂ ಮನೆಗೆ ಮರಳಿದ ಹೊತ್ತಿನಲ್ಲಿ, ತೊಟ್ಟು ಕತ್ತರಿಸಿ ತಂದವರು. ಪಂಜರದ ಮರದ ಚೌಕಟ್ಟು ಮಾಡಿದ ಬಡಗಿ. ಅಕ್ಕಿ ಪತಂಗದ ಹುಳು ಸಾಕಿದವರು. ಈ ಕೊನೆಯವರ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಪಂಜರದ ಕಣಜಗಳಿಗೆ ನೀರು, ಜೇನುತುಪ್ಪದ ಜೊತೆ ಜೀವಂತ ಹುಳುಗಳು ಬೇಕು. ನಮ್ಮ ಗೋದಾಮುಗಳಲ್ಲಿ ಧಾನ್ಯಕ್ಕೆ ಬಲೆ ಕಟ್ಟುವ ಅಕ್ಕಿ ಪತಂಗದ ಮರಿಗಳೇ ಆ ಆಹಾರ. ಡಬ್ಬಿಗಳಲ್ಲಿ ನುಚ್ಚು ಹಾಕಿ, ಪತಂಗದ ಮೊಟ್ಟೆ ಬೆರೆಸಿ, ದಿನಾಂಕ ಬರೆದು ಸಾಲಾಗಿ ಇಟ್ಟಿರುತ್ತಾರೆ. ಒಂದು ವಾರ ಮೊಟ್ಟೆ ಹಾಕುವುದು ತಪ್ಪಿದರೆ ಮುಂದಿನ ತಿಂಗಳು ಇಡೀ ಲ್ಯಾಬ್ ಉಪವಾಸ. ಕಣಜಗಳು ಮಾತ್ರವಲ್ಲ, ಪಿಎಚ್.ಡಿ.ಗಳೂ ಕೂಡ. ಹಿಂದೆ ಇದೇ ಲ್ಯಾಬಿನಲ್ಲಿ, ಕೋಶದಿಂದ ಹೊರಬಂದ ಕಣಜಗಳನ್ನು ಒಂದೊಂದು ಡಬ್ಬಿಯಲ್ಲಿ ಒಂಟಿಯಾಗಿ ಇಟ್ಟು, ಗೂಡು ಕಟ್ಟಲು ಮೆದು ಮರದ ಚೂರು ಕೊಟ್ಟು ಸಾಕಿದರು. ಸುಮಾರು ಅರ್ಧದಷ್ಟು ಮಾತ್ರ ಗೂಡು ಕಟ್ಟಿ ಮೊಟ್ಟೆ ಇಟ್ಟವು. ಉಳಿದವು ತಿಂದುಂಡು ಬದುಕಿದರೂ ಮೊಟ್ಟೆ ಇಡದೇ ಸತ್ತವು. ರಾಣಿಯಾಗುವ ಯೋಗ್ಯತೆ ಮರಿಯಾಗಿದ್ದಾಗ ತಿಂದ ಆಹಾರದ ಮೇಲೂ ನಿಂತಿದೆ ಎಂಬ ದೊಡ್ಡ ಮಾತಿನ ಎಳೆ ಇಂಥ ಡಬ್ಬಿಗಳಿಂದಲೇ ಹುಟ್ಟಿದ್ದು. ಆ ಡಬ್ಬಿಗಳಿಗೆಲ್ಲ ದಿನವೂ ಯಾರೋ ಊಟ ಹಾಕಿದ್ದಾರೆ.

ಇನ್ನೊಂದು ತಮಾಷೆಯ ಪ್ರಯೋಗವೂ ಇದೆ. ಗಂಡು ಕಣಜಗಳು ಗೂಡಿನ ಕೆಲಸಕ್ಕೆ ಕೈ ಹಚ್ಚುವುದಿಲ್ಲ. ಹುಟ್ಟಿ ಸುಮಾರು ವಾರದೊಳಗೆ ಗೂಡು ಬಿಟ್ಟು ಹೋಗುತ್ತವೆ. ಅವಕ್ಕೆ ಮರಿ ಸಾಕುವ ಶಕ್ತಿಯೇ ಇಲ್ಲವೋ, ಅವಕಾಶ ಇಲ್ಲವೋ? ಹೆಣ್ಣುಗಳನ್ನೆಲ್ಲ ತೆಗೆದು, ಹಸಿದ ಮರಿಗಳ ಜೊತೆ ಗಂಡುಗಳನ್ನು ಬಿಟ್ಟರು. ಅವು ಬೇಟೆಗೆ ಹೋಗುವುದಿಲ್ಲವಾದ್ದರಿಂದ ಸಂಶೋಧಕರೇ ಆಹಾರವನ್ನು ಅವುಗಳ ಬಾಯಿಯ ಬಳಿ ಒದಗಿಸಿದರು. ಗಂಡುಗಳು ಮರಿಗಳಿಗೆ ಉಣಿಸಿದವು, ಹೆಣ್ಣುಗಳಷ್ಟು ಚೆನ್ನಾಗಿ ಅಲ್ಲವಾದರೂ. ಊರಿನವರಿಗೆ ಇದನ್ನು ಹೇಳಿ. ಈ ಸಲ ನಗು ಬೇರೆ ಕಡೆಗೆ ತಿರುಗುತ್ತದೆ.

ಲ್ಯಾಬಿನ ಶ್ರೇಣಿಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಮೇಲೆ ಪ್ರಾಧ್ಯಾಪಕರು. ಅನುದಾನದ ಅರ್ಜಿ, ಪಾಠ, ಸಮಿತಿ, ವಿದ್ಯಾರ್ಥಿಗಳ ಲೇಖನ ತಿದ್ದುವುದು, ಇದರಲ್ಲೇ ಅವರ ದಿನ ಮುಗಿಯುತ್ತದೆ. ಹೆಸರು ಬಂದಷ್ಟೂ ಗೂಡಿನ ಮುಂದೆ ಕೂರುವ ಭಾಗ್ಯ ಕಡಿಮೆ. ಅವರ ಕೆಳಗೆ ಪಿಎಚ್.ಡಿ. ಮುಗಿಸಿ ಬಂದ ಒಬ್ಬಿಬ್ಬರು, ಪಿಎಚ್.ಡಿ. ಮಾಡುತ್ತಿರುವ ನಾಲ್ಕಾರು ಮಂದಿ, ನಿಮ್ಮ ಮಗಳಂಥ ಪ್ರಾಜೆಕ್ಟ್ ಅಸಿಸ್ಟೆಂಟ್‌ಗಳು, ಬೇಸಿಗೆ ರಜೆಯಲ್ಲಿ ಬರುವ ಪದವಿ ವಿದ್ಯಾರ್ಥಿಗಳು. ಜೊತೆಗೆ ಸಹಾಯಕ ಸಿಬ್ಬಂದಿ. ಇವರಲ್ಲಿ ಹಳ್ಳಿಯಿಂದ ಬಂದವರು ಹೆಚ್ಚು. ಯಾವ ಮರದಲ್ಲಿ, ಯಾವ ಗೋಡೆಯ ಮೂಲೆಯಲ್ಲಿ ಗೂಡು ಇರುತ್ತದೆ ಎಂದು ಡಾಕ್ಟರೇಟ್ ಪಡೆದವರಿಗಿಂತ ಮೊದಲು ಇವರಿಗೆ ಕಾಣುತ್ತದೆ. ತೋಟದಲ್ಲಿ ಬೆಳೆದ ನಿಮ್ಮ ಮಗಳಿಗೂ ಆ ಕಣ್ಣು ಇರಬಹುದು. ಅದನ್ನು ಅವಳು ಮುಚ್ಚಿಟ್ಟುಕೊಳ್ಳದಿರಲಿ. ನಗರದಲ್ಲಿ ಓದಿದವರ ನಡುವೆ ಹಳ್ಳಿಯ ಹುಡುಗಿಯರು ಮೊದಮೊದಲು ಬಾಯಿ ಕಟ್ಟಿದಂತಿರುತ್ತಾರೆ. ಚಗಳಿ ಇರುವೆಯ ಗೂಡನ್ನು ಬರಿಗೈಯಲ್ಲಿ ಕೊಯ್ದು ತಂದವಳು ತಾನೊಬ್ಬಳೇ ಎಂದು ಗೊತ್ತಾದ ದಿನ ಬಾಯಿ ಬಿಡುತ್ತಾರೆ.

ಹೊರಗಿನವರೂ ಬಂದು ಸೇರುತ್ತಾರೆ. ಅದೇ ಸಂಸ್ಥೆಯಲ್ಲಿ ಗೆದ್ದಲುಗಳನ್ನು ಅಭ್ಯಾಸ ಮಾಡುವ ರೆನೀ ಬೋರ್ಜೆಸ್ ಅವರು ಸಿವಿಲ್ ಎಂಜಿನಿಯರಿಂಗ್ ವಿಭಾಗದ ತೇಜಸ್ ಮೂರ್ತಿ ಅವರ ಜೊತೆ ಸೇರಿ, ಹುತ್ತ ಕಟ್ಟುವಾಗ ಗೆದ್ದಲು ಮಣ್ಣಿನ ಉಂಡೆಯನ್ನು ಎಷ್ಟು ತೇವದಲ್ಲಿ ಕಲಸುತ್ತದೆ, ಆ ಗೋಡೆ ಎಷ್ಟು ಗಟ್ಟಿ ಎಂದು ಪರೀಕ್ಷಿಸಿದ್ದಾರೆ. ಕೀಟ ಓದಿದವರಿಗೆ ಮಣ್ಣಿನ ಬಲ ಅಳೆಯಲು ಬರುವುದಿಲ್ಲ, ಎಂಜಿನಿಯರಿಗೆ ಗೆದ್ದಲು ಹಿಡಿಯಲು ಬರುವುದಿಲ್ಲ. ಒಂದೇ ಹುತ್ತದ ಮುಂದೆ ಇಬ್ಬರೂ ಕೂರಬೇಕಾಯಿತು.

ಸಂಕಟಗಳೂ ಇವೆ. ಯುರೋಪಿನಲ್ಲೋ ಅಮೆರಿಕದಲ್ಲೋ ಚಳಿಗಾಲ ಬಂದರೆ ಕಾಗದದ ಕಣಜಗಳ ಗೂಡು ಮುಗಿಯುತ್ತದೆ, ಸಂಶೋಧಕರು ಕುಳಿತು ಬರೆಯುತ್ತಾರೆ. ನಮ್ಮ ದಕ್ಷಿಣದಲ್ಲಿ ಈ ಕಣಜ ವರ್ಷವಿಡೀ ಗೂಡು ಕಟ್ಟುತ್ತದೆ. ಸಂಶೋಧನೆಗೆ ಅದು ವರ, ಸಂಶೋಧಕರಿಗೆ ಬಿಡುವಿಲ್ಲದ ದುಡಿಮೆ. ವೆಸ್ಪಾ ಟ್ರಾಪಿಕಾ ಎಂಬ ದೊಡ್ಡ ಕಡಜವೊಂದಿದೆ. ಅದು ಗೂಡಿಗೆ ನುಗ್ಗಿತೆಂದರೆ ಮರಿ, ಕೋಶ ಎಲ್ಲವನ್ನೂ ತಿಂದು ಹಾಕುತ್ತದೆ. ತಿಂಗಳುಗಟ್ಟಲೆ ಬಣ್ಣ ಹಚ್ಚಿ ನೋಡಿದ ಗೂಡು ಒಂದು ಮಧ್ಯಾಹ್ನದಲ್ಲಿ ಬರಿದಾಗುತ್ತದೆ. ಇದಕ್ಕೆಂದೇ ಬೆಂಗಳೂರಿನಲ್ಲಿ ಒಂದು ಕಣಜಮನೆ ಕಟ್ಟಿದರು. ಅದರ ಗೋಡೆಯೆಲ್ಲ ತಂತಿಬಲೆ. ಸಣ್ಣ ಕಣಜ ಸರಾಗವಾಗಿ ಹೊರಗೆ ಹೋಗಿ ಬೇಟೆ ತರುವಷ್ಟು ಕಣ್ಣು ಬಲೆಯಲ್ಲಿದೆ, ದೊಡ್ಡ ಕಡಜಕ್ಕೆ ನುಸುಳಲಾಗದು. ಎಷ್ಟು ಸರಳ ಉಪಾಯ! ಅತ್ಯುತ್ತಮ ಸಂಶೋಧನೆಗೆ ಅತಿ ಹೆಚ್ಚು ದುಡ್ಡು ಬೇಕು ಎಂಬುದನ್ನು ಗದಗ್‌ಕರ್ ಒಪ್ಪುವುದಿಲ್ಲ, ಪುಡಿಗಾಸಿನಲ್ಲಿ ಮಾಡಬಹುದಾದ ಪ್ರಾಣಿವರ್ತನೆಯ ಪ್ರಯೋಗಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ನಾನು ಅದನ್ನು ಪೂರ್ತಿ ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ: ಉಪಕರಣ ಅಗ್ಗ, ಯುವಜನರ ವರ್ಷಗಳು ಅಗ್ಗವಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯುವ ಲ್ಯಾಬ್ ಒಳ್ಳೆಯ ಲ್ಯಾಬ್.

ಸಾಕಷ್ಟು ಸಂಶೋಧನೆಗಳ ಕೊನೆಗೆ ಗೂಡಿನ ಕಣಜಗಳನ್ನೆಲ್ಲ ಹಿಡಿದು, ಕೊಂದು, ಸೂಕ್ಷ್ಮದರ್ಶಕದ ಕೆಳಗೆ ಸೀಳಿ ಅಂಡಾಶಯ ಅಳೆಯುವುದೂ ಇರುತ್ತದೆ. ತಿಂಗಳುಗಳ ಕಾಲ ಹೆಸರಿಟ್ಟು ನೋಡಿದ ಜೀವಗಳು. ಕೆಲವರಿಗೆ ಅದು ಭಾರವಾಗುತ್ತದೆ. ನಿಮ್ಮ ಮಗಳು ಮೊದಲೇ ತಿಳಿದಿರುವುದು ಒಳ್ಳೆಯದು.

ಕಚ್ಚುತ್ತವೆಯೇ ಎಂದು ಕೇಳಿದ್ದೀರಿ. ಚುಚ್ಚುತ್ತವೆ. ಜೇನು ಒಮ್ಮೆ ಚುಚ್ಚಿದರೆ ಅದರ ಮುಳ್ಳು ನಮ್ಮ ಚರ್ಮದಲ್ಲೇ ಉಳಿಯುತ್ತದೆ. ಕಣಜದ ಮುಳ್ಳು ನಯ, ಒಂದೇ ಕಣಜ ಹಲವು ಸಲ ಚುಚ್ಚಬಲ್ಲದು. ಆದರೆ ಗೂಡನ್ನು ಅಲುಗಿಸದೆ, ಅದರ ಮೇಲೆ ಉಸಿರು ಬಿಡದೆ, ಕೈಯನ್ನು ನಿಧಾನವಾಗಿ ಆಡಿಸುವುದನ್ನು ಕಲಿತವರಿಗೆ ಚುಚ್ಚಿಸಿಕೊಳ್ಳುವ ಪ್ರಸಂಗ ಅಪರೂಪ. ಗೂಡು ಎತ್ತಿ ತರುವಾಗ, ಬಣ್ಣ ಹಚ್ಚುವಾಗ ಅಪಾಯ ಹೆಚ್ಚು. ಒಂದೆರಡು ಚುಚ್ಚಿದರೆ ಉರಿ, ಊತ ಅಷ್ಟೇ. ಮುಖ್ಯವಾದದ್ದು ಬೇರೆ. ಚಿಕ್ಕಂದಿನಲ್ಲಿ ಎಂದಾದರೂ ಜೇನೋ ಕಣಜವೋ ಚುಚ್ಚಿದಾಗ ಅವಳಿಗೆ ಮೈತುಂಬ ದದ್ದು ಎದ್ದಿತ್ತೇ, ಉಸಿರು ಕಟ್ಟಿತ್ತೇ, ತಲೆ ತಿರುಗಿ ಬಿದ್ದಿದ್ದಳೇ? ಇವುಗಳಲ್ಲಿ ಒಂದಕ್ಕಾದರೂ ಉತ್ತರ ಹೌದಾದರೆ ವೈದ್ಯರನ್ನು ಕಾಣದೆ ಈ ಕೆಲಸಕ್ಕೆ ಕಳುಹಿಸಬೇಡಿ, ಇದರಲ್ಲಿ ಮುಲಾಜು ಬೇಡ. ಲ್ಯಾಬಿನಲ್ಲಿ ಅಡ್ರಿನಾಲಿನ್ ಚುಚ್ಚುಮದ್ದು ಎಲ್ಲಿದೆ, ಅದನ್ನು ಕೊಡಲು ಯಾರಿಗೆ ಬರುತ್ತದೆ, ಹತ್ತಿರದ ಆಸ್ಪತ್ರೆ ಯಾವುದು ಎಂದು ಅವಳು ಮೊದಲ ದಿನವೇ ಕೇಳಲಿ.

ಸೂಡಿ ಹಚ್ಚುವ ವಿಷಯ. ದಾರಿಯ ಮೇಲೋ, ಕೊನೆ ಕೊಯ್ಯುವವರ ತಲೆಯ ಮಟ್ಟದಲ್ಲೋ ಇರುವ ಗೂಡನ್ನು ತೆಗೆಯಲೇಬೇಕು, ಒಪ್ಪುತ್ತೇನೆ. ಆದರೆ ಈ ಕಣಜಗಳು ತಮ್ಮ ಮರಿಗಳಿಗೆ ಉಣಿಸುವುದು ಹಿಡಿದು ಅಗಿದ ಕಂಬಳಿಹುಳು ಮೊದಲಾದ ಕೀಟಗಳನ್ನೇ. ಕೊಟ್ಟಿಗೆಯ ಹಿಂದೆ ಯಾರಿಗೂ ಅಡ್ಡಿಯಾಗದ ಗೂಡು ಇದ್ದರೆ ಇರಲಿ ಬಿಡಿ.

ಇನ್ನು ದಾರಿ. ಪ್ರಾಜೆಕ್ಟ್ ಅಸಿಸ್ಟೆಂಟ್ ಹುದ್ದೆ ಖಾಯಂ ಅಲ್ಲ, ಅನುದಾನ ಮುಗಿದರೆ ಕೆಲಸವೂ ಮುಗಿಯುತ್ತದೆ. ಅದನ್ನು ಪಿಎಚ್.ಡಿ. ಸೇರುವ ಮೊದಲಿನ ಪರೀಕ್ಷಾ ವರ್ಷ ಎಂದುಕೊಳ್ಳಿ. ತಾನು ಈ ಕೆಲಸಕ್ಕೆ ಹುಟ್ಟಿದವಳೋ ಅಲ್ಲವೋ ಎಂದು ಅವಳಿಗೇ ತಿಳಿಯುತ್ತದೆ. ಈ ನಡುವೆ ಸಿಎಸ್ಐಆರ್-ಯುಜಿಸಿ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಗೆ ಓದಿ ಕಿರಿಯ ಸಂಶೋಧನಾ ಫೆಲೋಶಿಪ್ ಪಡೆದರೆ, 2023ರಲ್ಲಿ ಪರಿಷ್ಕರಿಸಿದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಹಿರಿಯ ಫೆಲೋಶಿಪ್ಪಿನಲ್ಲಿ 42,000 ರೂಪಾಯಿ ಸಿಗುತ್ತದೆ. ಹಣ ಸಕಾಲಕ್ಕೆ ಖಾತೆಗೆ ಬರುತ್ತದೆ ಎಂದು ಮಾತ್ರ ನಂಬಿ ಸಾಲದ ಕಂತು ಗೊತ್ತುಮಾಡಿಕೊಳ್ಳಬೇಡಿ. ಪಿಎಚ್.ಡಿ. ಆದಮೇಲೆ ಹೊರದೇಶದಲ್ಲೋ ಇಲ್ಲಿಯೋ ಇನ್ನೂ ಕೆಲವು ವರ್ಷ, ಆಮೇಲೆ ಅಧ್ಯಾಪಕ ಹುದ್ದೆ. ಅಲ್ಲಿಯವರೆಗೆ ತಲುಪುವವರು ಸೇರಿದವರಲ್ಲಿ ಕೆಲವರು ಮಾತ್ರ. ಇದನ್ನು ಸಿಹಿ ಲೇಪಿಸಿ ಹೇಳಲು ನನಗೆ ಮನಸ್ಸಿಲ್ಲ.

ತಲುಪಿದವರು ಎಲ್ಲರೂ ಕಣಜಕ್ಕೇ ಅಂಟಿಕೊಂಡಿಲ್ಲ ಎಂಬುದೂ ನಿಜ. ಮೇಲೆ ಹೇಳಿದ ಅನಿಂದಿತಾ ಭದ್ರಾ ಈಗ ಕೋಲ್ಕತ್ತದ ಐಸರ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ, ಬೀದಿನಾಯಿಗಳ ವರ್ತನೆಯ ಮೇಲೆ ಕೆಲಸ ಮಾಡುತ್ತಾರೆ. ಗದಗ್‌ಕರ್ ಅವರ ಇನ್ನೊಬ್ಬ ಶಿಷ್ಯೆ ಸುಮನಾ ಅಣ್ಣಗಿರಿ ಅದೇ ಸಂಸ್ಥೆಯಲ್ಲಿ ಡಯಾಕಮ್ಮಾ ಎಂಬ ಇರುವೆಯನ್ನು ಅಭ್ಯಾಸ ಮಾಡುತ್ತಾರೆ. ಗೂಡು ಹಾಳಾದಾಗ ದಾರಿ ಗೊತ್ತಿರುವ ಒಂದು ಇರುವೆ, ಗೊತ್ತಿಲ್ಲದ ಇನ್ನೊಂದನ್ನು ತನ್ನ ಬೆನ್ನಿಗೆ ಕುಡಿಮೀಸೆ ತಾಗಿಸಿಕೊಂಡೇ ಬರುವಂತೆ ಮಾಡಿ ಹೊಸ ಮನೆಗೆ ಕರೆದೊಯ್ಯುತ್ತದೆ. ನೋಡುವ ಶಿಸ್ತು ಒಮ್ಮೆ ಕೈಗೆ ಬಂದರೆ ಪ್ರಾಣಿ ಯಾವುದಾದರೂ ನಡೆಯುತ್ತದೆ. ಸಂಶೋಧನೆಯಲ್ಲಿ ಉಳಿಯದವರು ಕಾಲೇಜು ಪಾಠ, ಕೃಷಿ ಕೀಟಶಾಸ್ತ್ರ, ಅರಣ್ಯ ಮತ್ತು ವನ್ಯಜೀವಿ ಸಮೀಕ್ಷೆ, ವಿಜ್ಞಾನ ಬರವಣಿಗೆ, ಅಂಕಿಅಂಶ ವಿಶ್ಲೇಷಣೆ ಹೀಗೆ ಹರಡಿಕೊಂಡಿದ್ದಾರೆ. ಕೊನೆಯದಕ್ಕೆ ಈಗ ಬೇಡಿಕೆ ಹೆಚ್ಚು. ಹಾಗಾಗಿ ಗೂಡಿನ ಮುಂದಿನಿಂದ ಎದ್ದ ಮೇಲೆ ಸಂಜೆ ಒಂದು ಗಂಟೆ ಕಂಪ್ಯೂಟರ್ ಮುಂದೆ ಕುಳಿತು ಅಂಕಿಅಂಶದ ಪ್ರೋಗ್ರಾಂ ಬರೆಯುವುದನ್ನು ಅವಳು ಕಲಿಯಲೇಬೇಕು. ದಾಖಲಿಸುವುದು ಮಾತ್ರ ತನ್ನ ಕೆಲಸ, ಲೆಕ್ಕ ಬೇರೆಯವರದು ಎಂದುಕೊಂಡರೆ ವರ್ಷ ಕಳೆದ ಮೇಲೂ ಸ್ಟೂಲಿನಲ್ಲೇ ಇರುತ್ತಾಳೆ.

ಸೇರುವ ಮೊದಲು ಪ್ರಾಧ್ಯಾಪಕರಿಗಿಂತ ಹೆಚ್ಚಾಗಿ ಅಲ್ಲಿ ಈಗ ಕೆಲಸ ಮಾಡುತ್ತಿರುವ ಹುಡುಗ ಹುಡುಗಿಯರ ಜೊತೆ, ಸಾಧ್ಯವಾದರೆ ಹೊರಗೆ ಚಹಾ ಅಂಗಡಿಯಲ್ಲಿ, ಅವಳು ಮಾತಾಡಲಿ. ಭಾನುವಾರದ ಪಾಳಿ ಸರದಿಯ ಮೇಲೋ, ಅಸಿಸ್ಟೆಂಟ್‌ಗಳ ತಲೆಗೇ ಕಟ್ಟಿದ್ದೋ? ಕತ್ತಲಲ್ಲಿ ಗೂಡು ತರಲು ಹೋಗುವಾಗ ಜೊತೆಗೆ ಯಾರು ಬರುತ್ತಾರೆ, ವಾಹನ ಯಾರದು? ಹಿಂದಿನ ಅಸಿಸ್ಟೆಂಟ್ ಈಗ ಎಲ್ಲಿದ್ದಾರೆ? ಪ್ರಯೋಗ ವಿಫಲವಾದಾಗ ಯಾರ ಮೇಲೆ ರೇಗುತ್ತಾರೆ? ಆಮೇಲೆ ಆ ಲ್ಯಾಬ್ ಕಳೆದ ಐದಾರು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳನ್ನು ಅಂತರಜಾಲದಿಂದ ತೆಗೆದು ಮೊದಲ ಪುಟದ ಹೆಸರುಗಳನ್ನೂ, ಕೊನೆಯ ಪುಟದ ಕೃತಜ್ಞತೆಯ ಸಾಲುಗಳನ್ನೂ ಓದಲಿ. ಗೂಡಿನ ಮುಂದೆ ಕುಳಿತವರ ಹೆಸರು ಅಲ್ಲಿ ಎಲ್ಲಿ ಬರುತ್ತದೆ, ಬರುತ್ತದೆಯೋ ಇಲ್ಲವೋ ಎಂದು ನೋಡಿಕೊಂಡು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿ.